ಮೋಟರು ಅದುರುವುದು ಯಾಕೆ? ಆಯಸ್ಕಾಂತದ ಎಳೆತ ಏರುಪೇರಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೋಟರು ಅದುರಿದರೆ ನಮ್ಮಲ್ಲಿ ಮೊದಲು ಬದಲಾಗುವುದು ಬೇರಿಂಗು. ಅದರಿಂದ ಆಗಲಿಲ್ಲ ಅಂದರೆ ರೋಟರು ಬ್ಯಾಲೆನ್ಸಿಂಗಿಗೆ ಹೋಗುತ್ತದೆ. ಅದೂ ಆಗಲಿಲ್ಲ ಅಂದರೆ ಫೌಂಡೇಶನ್ ಹಾಕಿದವನಿಗೆ ಬೈಗುಳ. ಇಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ, ಆಯಸ್ಕಾಂತದ ಕಡೆ ಮಾತ್ರ ಯಾರೂ ತಿರುಗಿ ನೋಡಿರುವುದಿಲ್ಲ. ಕಂಪನ ಅಳೆಯುವ ಪೆಟ್ಟಿಗೆ ಹಿಡಿದು ಊರೂರು ಸುತ್ತುವ ನನಗೆ ಮೆಂಟೆನೆನ್ಸ್‌ನವರು, ರೀವೈಂಡಿಂಗ್ ಅಂಗಡಿಯವರು, ಪಂಪಿನ ಮಾಲೀಕರು ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಮೋಟರಿನ ಒಳಗೆ ಯಾವುದು ಯಾವುದನ್ನು ಎಳೆಯುತ್ತದೆ?

ಹೊರಗೆ ಕದಲದೆ ಕೂತಿರುವ ಕಬ್ಬಿಣ ಸ್ಟೇಟರು, ಒಳಗೆ ತಿರುಗುವ ಕಬ್ಬಿಣ ರೋಟರು. ನಡುವೆ ತೀರಾ ಕಿರಿದಾದ ಸಂದಿ, ಅದೇ ಏರ್ ಗ್ಯಾಪ್. ಸ್ವಿಚ್ ಹಾಕುತ್ತಿದ್ದಂತೆ ಈ ಸಂದಿಯಲ್ಲಿ ಕಾಂತಕ್ಷೇತ್ರ ಹುಟ್ಟಿ, ಸ್ಟೇಟರು ರೋಟರನ್ನು ತನ್ನತ್ತ ಎಳೆಯಲು ಶುರು ಮಾಡುತ್ತದೆ. ತಿರುಗಿಸುವ ಬಲ ಬೇರೆ, ಇದು ಬೇರೆ. ತಿರುಗಿಸುವ ಬಲ ರೋಟರಿನ ಮೈಗುಂಟ ಸಾಗುತ್ತದೆ. ಈ ಎಳೆತ ನೇರ ಹೊರಮುಖ. ಮೋಟರಿನಿಂದ ನಾವು ಕೆಲಸ ತೆಗೆಯುವುದು ಮೊದಲನೆಯದರಿಂದ, ಆದರೆ ಎರಡರಲ್ಲಿ ಬಹಳ ದೊಡ್ಡದು ಎರಡನೆಯದು.

ಎಷ್ಟು ದೊಡ್ಡದು? ಸಂದಿಯಲ್ಲಿ 0.8 ಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಕ್ಷೇತ್ರ ಇರುವ ಜಾಗದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.5 ಕೆಜಿ. 1 ಟೆಸ್ಲಾ ಇದ್ದರೆ 4 ಕೆಜಿ. ಕ್ಷೇತ್ರ ಏರಿದ್ದು ಕಾಲು ಪಾಲು, ಎಳೆತ ಏರಿದ್ದು ಅರ್ಧಕ್ಕಿಂತ ಹೆಚ್ಚು. ಎಳೆತ ಕ್ಷೇತ್ರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮುಂದಿನ ರಗಳೆಗಳಲ್ಲಿ ಮುಕ್ಕಾಲು ಪಾಲು ಈ ವರ್ಗದಿಂದಲೇ ಬರುವಂಥವು.

ಅಷ್ಟು ಎಳೆದರೂ ರೋಟರು ಹೋಗಿ ಸ್ಟೇಟರಿಗೆ ಅಂಟಿಕೊಳ್ಳುವುದಿಲ್ಲವಲ್ಲ?

ಎಲ್ಲ ಕಡೆಯಿಂದಲೂ ಸಮನಾಗಿ ಎಳೆಯುತ್ತದೆ, ಅದಕ್ಕೆ. ಊರಲ್ಲಿ ಕರೆಂಟು ಕಂಬ ಎತ್ತಿ ನಿಲ್ಲಿಸುವುದನ್ನು ನೋಡಿದ್ದೀರಲ್ಲ, ನಾಲ್ಕು ಕಡೆ ಹಗ್ಗ ಕಟ್ಟಿ ಜನ ಜಗ್ಗಿ ಹಿಡಿದಿರುತ್ತಾರೆ. ನಾಲ್ವರೂ ಬಿಗಿಯಾಗಿ ಜಗ್ಗುತ್ತಿದ್ದರೂ ಕಂಬ ನೆಟ್ಟಗೆ ನಿಂತಿರುತ್ತದೆ. ಒಬ್ಬನ ಕೈ ಸಡಿಲವಾಯಿತೋ, ಕಂಬ ಎದುರು ಬದಿಗೆ ವಾಲುತ್ತದೆ.

ಮೋಟರಿನಲ್ಲಿ ಇದಕ್ಕಿಂತ ಕೆಟ್ಟದ್ದೊಂದು ಇದೆ. ಕಂಬ ವಾಲಿದ ಕಡೆಯ ಹಗ್ಗ ಜೋಲು ಬೀಳುತ್ತದೆ. ರೋಟರು ವಾಲಿದ ಕಡೆ ಸಂದಿ ಕಿರಿದಾಗಿ, ಕ್ಷೇತ್ರ ಗಟ್ಟಿಯಾಗಿ, ಎಳೆತ ಇನ್ನೂ ಏರುತ್ತದೆ. ಎದುರು ಬದಿಯಲ್ಲಿ ಸಂದಿ ಅಗಲವಾಗಿ ಎಳೆತ ಇಳಿಯುತ್ತದೆ. ಸರಿದ ರೋಟರನ್ನು ಮತ್ತಷ್ಟು ಸರಿಸುವ ಬಲ ಇದು. ಸ್ಪ್ರಿಂಗು ವಾಪಸ್ಸು ತಳ್ಳುತ್ತದೆ, ಇದು ಉಲ್ಟಾ ಸ್ಪ್ರಿಂಗು. ತಡೆಯುವುದು ಶಾಫ್ಟಿನ ಗಟ್ಟಿತನ ಮತ್ತು ಬೇರಿಂಗು ಮಾತ್ರ.

ಲೆಕ್ಕ ಬೇಕಾದವರಿಗೆ: ವ್ಯಾಸ 200 ಮಿಮೀ, ಉದ್ದ 200 ಮಿಮೀ ರೋಟರು, ಅಂದಾಜು 40 ಎಚ್‌ಪಿ ಮೋಟರು. ಸಂದಿ 0.7 ಮಿಮೀ, ಕ್ಷೇತ್ರದ ಗರಿಷ್ಠ ಮಟ್ಟ 0.7 ಟೆಸ್ಲಾ ಅಂದುಕೊಳ್ಳಿ. ರೋಟರು ಸಂದಿಯ ಹತ್ತರಲ್ಲೊಂದು ಪಾಲು, ಅಂದರೆ 0.07 ಮಿಮೀ, ಒಂದು ತಲೆಗೂದಲಿನ ದಪ್ಪ ಸರಿಯಿತು. ಆಗ ಒಂದೇ ಕಡೆಗೆ ಉಳಿಯುವ ಎಳೆತ ಸುಮಾರು 125 ಕೆಜಿ, ಎರಡೂವರೆ ಮೂಟೆ ಅಕ್ಕಿಯ ತೂಕ. ನಿಜವಾದ ಮೋಟರಿನಲ್ಲಿ ಕಬ್ಬಿಣದ ಸ್ಯಾಚುರೇಶನ್ (ಕಾಂತಕ್ಷೇತ್ರ ತುಂಬಿ ಇನ್ನಷ್ಟು ಹಿಡಿಯಲಾರದ ಸ್ಥಿತಿ), ರೋಟರ್ ಬಾರುಗಳಲ್ಲಿ (ರೋಟರಿನೊಳಗೆ ಕೂರಿಸಿದ ಲೋಹದ ಸರಳುಗಳು) ಹರಿಯುವ ಕರೆಂಟು ಸೇರಿ ಇದನ್ನು ಒಂದಷ್ಟು ತಗ್ಗಿಸುತ್ತವೆ. ಆದರೂ ಕೂದಲೆಳೆಯಷ್ಟು ಸರಿದದ್ದಕ್ಕೆ ಬೇರಿಂಗಿನ ಮೇಲೆ ಬೀಳುವ ಹೊರೆ ಎಂಥದ್ದು ಅನ್ನುವ ಅಂದಾಜು ಇದರಿಂದ ಸಿಗುತ್ತದೆ.

ಒಂದೇ ಕಡೆ ಎಳೆದರೆ ರೋಟರು ಅಲ್ಲೇ ವಾಲಿ ನಿಲ್ಲಬೇಕು. ಅದುರುವುದು ಎಲ್ಲಿಂದ ಬಂತು?

ಈ ಪ್ರಶ್ನೆ ಕೇಳಿದವರು ವಿಷಯದ ಬುಡಕ್ಕೇ ಕೈ ಹಾಕಿದ್ದಾರೆ. ಬಲ ಕದಲದಿದ್ದರೆ ಕಂಪನ ಇಲ್ಲ, ಬರೀ ಹೊರೆ. ಆದರೆ ಸಂದಿಯಲ್ಲಿರುವ ಕ್ಷೇತ್ರ ನಿಂತಲ್ಲಿ ನಿಂತಿರುವುದಲ್ಲ, ಸುತ್ತುತ್ತಿರುವುದು. ಎಳೆತಕ್ಕೆ ಉತ್ತರ ಧ್ರುವವೂ ಒಂದೇ ದಕ್ಷಿಣ ಧ್ರುವವೂ ಒಂದೇ, ಯಾವುದು ಎದುರು ಬಂದರೂ ಕಬ್ಬಿಣವನ್ನು ಸೆಳೆಯುತ್ತದೆ. ಹಾಗಾಗಿ 50 ಹರ್ಟ್ಸ್ ಕರೆಂಟಿನ ಒಂದೊಂದು ಸುತ್ತಿಗೂ ಸ್ಟೇಟರಿನ ಪ್ರತಿ ಬಿಂದು ಎರಡು ಸಲ ಸೆಳೆತ ತಿನ್ನುತ್ತದೆ. ಸೆಕೆಂಡಿಗೆ 100 ಸಲ. ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಕೆಳಗೆ ನಿಂತಾಗ ಕೇಳುವ ಗುಂಯ್ ಕೂಡ ಇದೇ 100 ಹರ್ಟ್ಸಿನ ಸಂತತಿ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅಲ್ಲಿರುವ ನಮ್ಮವರಿಗೆ ಮೋಟರು 120ರಲ್ಲಿ ಗುಂಯ್‌ಗುಡುತ್ತದೆ.

ಎಳೆತ ಸುತ್ತಲೂ ಸಮನಾಗಿದ್ದರೆ ಈ 100 ಹರ್ಟ್ಸ್ ಸಣ್ಣ ಗುನುಗು. ಎಲ್ಲೋ ಒಂದು ಕಡೆ ಸಂದಿ ಕಿರಿದಾಗಿದ್ದರೆ ಆ ಜಾಗದಲ್ಲಿ ಸೆಕೆಂಡಿಗೆ ನೂರು ಸಲ ಬೀಳುವ ಸೆಳೆತ ಉಳಿದ ಕಡೆಗಿಂತ ಜೋರಾಗಿ ಬೀಳುತ್ತದೆ. ಅದೇ ಅದುರು.

ನಮ್ಮ 2 ಪೋಲ್ ಮೋಟರು ಹೊಸದು. ಆದರೂ 4 ಪೋಲಿಗಿಂತ ಹೆಚ್ಚು ಗುಂಯ್ ಅನ್ನುತ್ತದೆ. ದೋಷವೇ?

ಇರಲಿಕ್ಕಿಲ್ಲ. ಪೋಲು ಅಂದರೆ ಧ್ರುವ. ಎರಡು ಪೋಲು ಅಂದರೆ ಎದುರುಬದುರು ಎರಡು ಕಡೆ ಎಳೆತ. ಸ್ಟೇಟರು ಕೋಳಿಮೊಟ್ಟೆಯ ಆಕಾರಕ್ಕೆ ಹಿಗ್ಗುತ್ತದೆ, ಆ ಮೊಟ್ಟೆ ಸುತ್ತುತ್ತಲೇ ಇರುತ್ತದೆ. ಬಳೆಯನ್ನು ಎರಡು ಬೆರಳಲ್ಲಿ ಅಮುಕಿದರೆ ಸಲೀಸಾಗಿ ಬಾಗುತ್ತದೆ, ನಾಲ್ಕು ಕಡೆಯಿಂದ ಅಮುಕಿದರೆ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. 4 ಪೋಲಿನ ಸ್ಟೇಟರು ಆ ಎರಡನೇ ಥರ. ಹಾಗಾಗಿ ದೊಡ್ಡ 2 ಪೋಲ್ ಮೋಟರಿನಲ್ಲಿ ಸ್ವಲ್ಪ 100 ಹರ್ಟ್ಸ್ ಹುಟ್ಟುಗುಣ. ಹೊಸದರಲ್ಲೇ ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಅದು ಏರಿದರೆ ಮಾತ್ರ ಚಿಂತೆ.

ಆಯಸ್ಕಾಂತದ್ದೋ ಮೆಕ್ಯಾನಿಕಲ್ಲೋ, ಗೊತ್ತುಮಾಡಿಕೊಳ್ಳುವುದು ಹೇಗೆ?

ಸ್ವಿಚ್ ತೆಗೆಯಿರಿ. ಮೀಟರಿನ ಮೇಲೆ ಕಣ್ಣಿಟ್ಟು, ಮೀಟರು ಇಲ್ಲದಿದ್ದರೆ ಎಂಡ್ ಕವರಿನ ಮೇಲೆ ಅಂಗೈ ಇಟ್ಟು, ತೆಗೆಯಿರಿ. ಕರೆಂಟು ಹೋದ ಕ್ಷಣವೇ ಅದುರು ದೀಪ ಆರಿದ ಹಾಗೆ ಆರಿದರೆ ಅದು ಆಯಸ್ಕಾಂತದ್ದು. ಮೋಟರು ನಿಧಾನವಾಗುತ್ತಾ ಅದರ ಜೊತೆಗೇ ಅದುರೂ ಇಳಿಯುತ್ತಾ ಹೋದರೆ ಅಸಮತೋಲ, ಕಪ್ಲಿಂಗು, ಬೇರಿಂಗು ಇಂಥವು. ಕಾಸು ಖರ್ಚಿಲ್ಲದ ಪರೀಕ್ಷೆ, ಹತ್ತು ಸೆಕೆಂಡಿನ ಕೆಲಸ.

ಇದರಲ್ಲಿ ಮೋಸ ಹೋಗುವ ಜಾಗವೂ ಒಂದಿದೆ. ಮೋಟರು ರೆಸೊನೆನ್ಸಿನ (ಒಂದು ವೇಗದಲ್ಲಿ ಮಾತ್ರ ಅದುರು ಹಿಗ್ಗಿ ಕಾಣುವುದು) ತುದಿಯಲ್ಲೇ ಓಡುತ್ತಿದ್ದರೆ ವೇಗ ಸ್ವಲ್ಪ ಇಳಿದರೂ ಅದುರು ಧಡಕ್ಕನೆ ಬೀಳುತ್ತದೆ, ಆಯಸ್ಕಾಂತದ್ದೇ ಅನ್ನಿಸಿಬಿಡುತ್ತದೆ. ಅನುಮಾನ ಇದ್ದರೆ ಕಪ್ಲಿಂಗ್ ಬಿಚ್ಚಿ, ಖಾಲಿ ಮೋಟರನ್ನು ವೇರಿಯಾಕ್ (ವೋಲ್ಟೇಜು ಏರಿಳಿಸುವ ಸಾಧನ) ಮೇಲೆ ಓಡಿಸಿ, ವೋಲ್ಟೇಜು ನಿಧಾನ ತಗ್ಗಿಸಿ. ಖಾಲಿ ಮೋಟರಿನ ವೇಗ ಹೆಚ್ಚೇನೂ ಇಳಿಯುವುದಿಲ್ಲ, ಆದರೆ ಕ್ಷೇತ್ರ ಇಳಿಯುತ್ತದೆ. ಅದುರೂ ಜೊತೆಗೆ ಸರಸರ ಇಳಿದರೆ ಸಂಶಯ ಮುಗಿಯಿತು.

ರೋಟರು ನಡು ತಪ್ಪಿದ್ದು ಖಾಲಿ ಓಡಿಸಿದಾಗಲೂ ಕಾಣುತ್ತದೆ, ಯಾಕೆಂದರೆ ಲೋಡು ಇಲ್ಲದಿದ್ದರೂ ಕ್ಷೇತ್ರ ಹೆಚ್ಚುಕಡಿಮೆ ಪೂರ್ತಿ ಇರುತ್ತದೆ. ರೋಟರ್ ಬಾರು ಮುರಿದದ್ದು ಖಾಲಿಯಲ್ಲಿ ಅಡಗಿ ಕೂರುತ್ತದೆ, ಲೋಡು ಹಾಕಿದಾಗಲೇ ತಲೆ ಎತ್ತುತ್ತದೆ.

ಬೋಲ್ಟು ಸಡಿಲಿಸಿದರೆ ಅದುರು ಕಡಿಮೆ ಆಯಿತು! ಇದೆಂಥ ವಿಚಿತ್ರ?

ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಒಂದು ಕಾರ್ಖಾನೆಯ ನೀರಿನ ಪಂಪು, 2 ಪೋಲ್ ಮೋಟರು. ಎರಡು ಸಲ ಬ್ಯಾಲೆನ್ಸಿಂಗ್ ಆಗಿ ಬಂದಿತ್ತು, ಬೇರಿಂಗು ಹೊಸದು. ನಾನು ಹೋದಾಗ ಮೀಟರಿನಲ್ಲಿ 100 ಹರ್ಟ್ಸ್ ಒಂದೇ ಗೋಪುರದ ಹಾಗೆ ಎದ್ದು ನಿಂತಿತ್ತು. ಓಡುತ್ತಿರುವಾಗಲೇ ನಾಲ್ಕು ಕಾಲಿನ ಬೋಲ್ಟುಗಳನ್ನು ಒಂದಾದ ಮೇಲೊಂದು ಸಡಿಲಿಸಿ, ಮತ್ತೆ ಬಿಗಿದು ನೋಡುತ್ತಾ ಬಂದೆ. ಮೂರನೆಯದನ್ನು ಅರ್ಧ ಸುತ್ತು ತಿರುಗಿಸಿದ್ದೇ ತಡ, ಗುಂಯ್ ನಿಂತುಹೋಯಿತು. ಪಕ್ಕದಲ್ಲಿದ್ದ ಫಿಟ್ಟರು ಮೋಟರೇ ನಿಂತಿತೆಂದು ಪ್ಯಾನಲಿನತ್ತ ಓಡಿದ.

ಆ ಕಾಲಿನ ಕೆಳಗೆ ಬಣ್ಣದ ಹೊಪ್ಪಳೆ ಮತ್ತು ಯಾರೋ ತುರುಕಿದ್ದ ತಗಡಿನ ಚೂರು ಇತ್ತು. ನೆಲಕ್ಕೆ ಸರಿಯಾಗಿ ಕೂರದ ಕಾಲನ್ನು ಬೋಲ್ಟು ಹಾಕಿ ಬಲವಂತವಾಗಿ ಅಮುಕಿದರೆ ಮೋಟರಿನ ಮೈಯೇ ತಿರುಚಿಕೊಳ್ಳುತ್ತದೆ. ಮೈ ತಿರುಚಿದರೆ ಸ್ಟೇಟರು ಗುಂಡಗೆ ಉಳಿಯುವುದಿಲ್ಲ, ಸಂದಿ ಒಂದು ಕಡೆ ಕಿರಿದಾಗುತ್ತದೆ. ಸಾಫ್ಟ್ ಫುಟ್ ಅನ್ನುವುದು ಇದಕ್ಕೇ. ಡಯಲ್ ಗೇಜನ್ನು ಕಾಲಿನ ಮೇಲಿಟ್ಟು ಬೋಲ್ಟು ಬಿಚ್ಚಿದಾಗ ಕಾಲು 0.05 ಮಿಮೀಗಿಂತ ಹೆಚ್ಚು ಎದ್ದರೆ ಶಿಮ್ (ಅಳತೆಯ ತೆಳು ತಗಡು) ಕೊಟ್ಟು ಸರಿಮಾಡಲೇಬೇಕು. ಓಡುವ ಮೋಟರಿನ ಬೋಲ್ಟು ಮುಟ್ಟುವುದು ಹುಡುಗಾಟವಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದೇ ಬೋಲ್ಟು, ಪೂರ್ತಿ ಬಿಚ್ಚಕೂಡದು, ಕಪ್ಲಿಂಗ್ ಗಾರ್ಡ್ ಇರಲೇಬೇಕು.

ನಡು ತಪ್ಪುವುದರಲ್ಲಿ ಎರಡು ಬಗೆ ಅನ್ನುತ್ತಾರೆ. ಏನು ವ್ಯತ್ಯಾಸ?

ರೋಟರು ತನ್ನ ಮಟ್ಟಿಗೆ ನೆಟ್ಟಗೆ ತಿರುಗುತ್ತಿದೆ, ಆದರೆ ಸ್ಟೇಟರಿನ ನಡುವಿನಲ್ಲಿ ಕೂತಿಲ್ಲ ಅಂದರೆ ಸ್ಟ್ಯಾಟಿಕ್. ಕಿರಿದಾದ ಸಂದಿ ಸದಾ ಒಂದೇ ದಿಕ್ಕಿನಲ್ಲಿ. ಎಂಡ್ ಕವರಿನ ಬೇರಿಂಗ್ ಮನೆ ಸವೆದದ್ದು, ಸಾಫ್ಟ್ ಫುಟ್ಟು, ಅಂಡಾಕಾರವಾದ ಸ್ಟೇಟರು ಇದಕ್ಕೆ ಕಾರಣ. ಎದ್ದು ಕಾಣುವುದು 100 ಹರ್ಟ್ಸ್.

ಶಾಫ್ಟು ಬಾಗಿದೆ ಅಥವಾ ರೋಟರೇ ಗುಂಡಗಿಲ್ಲ ಅಂದರೆ ಡೈನಾಮಿಕ್. ಕಿರಿದಾದ ಸಂದಿ ರೋಟರಿನ ಜೊತೆಗೇ ಸುತ್ತು ಹಾಕುತ್ತದೆ. ಇದು ತಿರುಗುವ ವೇಗದ ಕಂಪನವಾಗಿ ಕಾಣುತ್ತದೆ, ಆದ್ದರಿಂದಲೇ ಅಸಮತೋಲ ಅಂದುಕೊಂಡು ಬ್ಯಾಲೆನ್ಸಿಂಗಿಗೆ ಕಳಿಸುತ್ತಾರೆ. ಬ್ಯಾಲೆನ್ಸಿಂಗ್ ಮಷೀನಿನಲ್ಲಿ ಕರೆಂಟು ಇಲ್ಲ, ಎಳೆತ ಇಲ್ಲ, ರೋಟರು ಸುಸೂತ್ರವಾಗಿ ತಿರುಗುತ್ತದೆ. ವಾಪಸ್ಸು ತಂದು ಕೂರಿಸಿದರೆ ಅದೇ ರಾಗ.

ದೊಡ್ಡ ಮೋಟರುಗಳಲ್ಲಿ ಫೀಲರ್ ಗೇಜ್ ತೂರಿಸಲು ಎಂಡ್ ಕವರಿನಲ್ಲಿ ಕಿಂಡಿ ಇರುತ್ತದೆ. ಮೇಲೆ 0.80, ಕೆಳಗೆ 0.60, ಎಡಕ್ಕೆ 0.72, ಬಲಕ್ಕೆ 0.68 ಬಂತು ಅನ್ನಿ. ಸರಾಸರಿ 0.70. ಮೇಲೆ ಕೆಳಗಿನ ಅಳತೆಗಳು ಸರಾಸರಿಯಿಂದ 14% ಆಚೆ ಹೋಗಿವೆ. ಸಾಮಾನ್ಯವಾಗಿ 10% ಒಳಗಿರಬೇಕು ಅನ್ನುವುದು ರೂಢಿ. ಈಗ ರೋಟರನ್ನು ಕೈಯಲ್ಲಿ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಕಿರಿದು ಕೆಳಗೇ ಉಳಿದರೆ ಸ್ಟ್ಯಾಟಿಕ್, ರೋಟರಿನ ಜೊತೆ ಪಕ್ಕಕ್ಕೆ ಬಂದರೆ ಡೈನಾಮಿಕ್. ಎರಡೂ ತುದಿಯಲ್ಲಿ ಅಳೆಯಬೇಕು. ಒಂದು ತುದಿ ಮಾತ್ರ ಅಳೆದು ಬರೆಯುವ ರಿಪೋರ್ಟು ಅರ್ಧ ರಿಪೋರ್ಟು.

ಗುಂಯ್ ಅನ್ನುವುದು ಏರಿ ಇಳಿದು, ಏರಿ ಇಳಿದು ಕೇಳುತ್ತದೆ. ಅದೇನು?

ವೋಂ... ವೋಂ... ಅಂತ, ಅಲ್ಲವೇ? ಬೀಟು ಅದು. 2 ಪೋಲ್ ಮೋಟರು 2960 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 49.33 ಸುತ್ತು. ಅದರ ಎರಡರಷ್ಟು 98.67. ಕರೆಂಟಿನ ಎಳೆತ 100. ತಂಬೂರಿಯ ಎರಡು ತಂತಿ ಶ್ರುತಿ ಚೂರು ತಪ್ಪಿದಾಗ ನಾದ ಅಲೆಅಲೆಯಾಗಿ ಬರುವ ಹಾಗೆ ಈ ಎರಡೂ ಸೇರಿ ಸೆಕೆಂಡಿಗೆ 1.33 ಸಲ ಏರಿಳಿಯುತ್ತವೆ. ಪಕ್ಕದಲ್ಲೇ ಇನ್ನೊಂದು ಮೋಟರು ಓಡುತ್ತಿದ್ದರೂ ಇಂಥ ಅಲೆ ಹುಟ್ಟಬಹುದು. ಆದ್ದರಿಂದ ಮೊದಲು ಅದನ್ನು ನಿಲ್ಲಿಸಿ ಕೇಳಿ.

ಅಳೆಯುವವರಿಗೊಂದು ಮಾತು. 1000 ಹರ್ಟ್ಸ್ ವರೆಗೆ 400 ಗೆರೆಯಲ್ಲಿ ತೆಗೆದ ಸ್ಪೆಕ್ಟ್ರಮಿನಲ್ಲಿ (ಯಾವ ಹರ್ಟ್ಸಿನಲ್ಲಿ ಎಷ್ಟು ಅದುರು ಎಂದು ತೋರಿಸುವ ಚಿತ್ರ) ಗೆರೆಯಿಂದ ಗೆರೆಗೆ 2.5 ಹರ್ಟ್ಸ್. 98.67 ಮತ್ತು 100 ಒಂದೇ ಕಡ್ಡಿಯಾಗಿ ಕಾಣುತ್ತವೆ, ನೋಡಿದವರು ಕಪ್ಲಿಂಗ್ ಅಲೈನ್‌ಮೆಂಟ್ ತಪ್ಪಿದೆ ಎಂದು ಬರೆದುಬಿಡುತ್ತಾರೆ. 500 ಹರ್ಟ್ಸ್ ವರೆಗೆ 3200 ಗೆರೆ ಇಟ್ಟು ತೆಗೆಯಿರಿ. ಒಂದು ಅಳತೆಗೆ 6.4 ಸೆಕೆಂಡು ಕಾಯಬೇಕು, ಅಷ್ಟೇ. ಎರಡೂ ಕಡ್ಡಿ ಬೇರೆ ಬೇರೆ ನಿಲ್ಲುತ್ತವೆ.

ಶುರುವಿನಲ್ಲಿ ಚೆನ್ನಾಗಿರುತ್ತದೆ, ಅರ್ಧ ಗಂಟೆ ಆದ ಮೇಲೆ ಅದುರಲು ತೊಡಗುತ್ತದೆ. ಯಾಕೆ?

ರೋಟರಿನ ಒಂದು ಮಗ್ಗುಲು ಹೆಚ್ಚು ಕಾಯುತ್ತಿದೆ. ಬಾರು ಬಿರುಕು ಬಿಟ್ಟಿದ್ದರೆ ಅದರ ಪಾಲಿನ ಕರೆಂಟನ್ನು ನೆರೆಯ ಬಾರುಗಳು ಹೊರುತ್ತವೆ, ಆ ಮಗ್ಗುಲು ಕಾದು ಹಿಗ್ಗುತ್ತದೆ, ರೋಟರು ಬಿಲ್ಲಿನ ಹಾಗೆ ಬಾಗುತ್ತದೆ. ರೋಟರು ಸ್ಟೇಟರಿಗೆ ಎಂದೋ ತಿಕ್ಕಿ, ಅದರ ಕಬ್ಬಿಣದ ಪದರಗಳಾದ ತಗಡುಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೂ ಇದೇ ಕಥೆ. ಬಾಗಿದ ರೋಟರಿಗೆ ಎಳೆತದ ಏರುಪೇರು ಸೇರಿ ಇನ್ನಷ್ಟು ಬಾಗುತ್ತದೆ. ತಣ್ಣಗಿದ್ದಾಗ ಬ್ಯಾಲೆನ್ಸ್ ಮಾಡಿಸಿ ಪ್ರಯೋಜನವಿಲ್ಲ.

ವೋಲ್ಟೇಜು ಮೂರು ಫೇಸಿನಲ್ಲಿ ಹೆಚ್ಚುಕಡಿಮೆ ಇದ್ದರೂ ಅದುರುತ್ತದೆಯೇ?

ಹೌದು. ಮೂರೂ ಸಮನಿದ್ದರೆ ಕ್ಷೇತ್ರ ಒಂದೇ ಹದದಲ್ಲಿ ಸುತ್ತುತ್ತದೆ. ಸಮ ತಪ್ಪಿದರೆ ಹಿಮ್ಮುಖವಾಗಿ ಸುತ್ತುವ ಇನ್ನೊಂದು ಸಣ್ಣ ಕ್ಷೇತ್ರ ಹುಟ್ಟುತ್ತದೆ. ಎರಡರ ಗುದ್ದಾಟದಲ್ಲಿ ತಿರುಚು ಬಲ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ.

420, 410, 395 ಓದಿದ್ದೀರಿ ಅನ್ನಿ. ಸರಾಸರಿ 408.3. ತೀರಾ ದೂರದ್ದು 395, ವ್ಯತ್ಯಾಸ 13.3, ಅಂದರೆ ಸುಮಾರು 3.3%. ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಕರೆಂಟಿನ ಏರುಪೇರು ಇದರ 6ರಿಂದ 10 ಪಟ್ಟು ಆಗಬಹುದು. ಅಮೆರಿಕದ ನೇಮಾ (ವಿದ್ಯುತ್ ಉಪಕರಣ ತಯಾರಕರ ಸಂಘ) ನಿಯಮ 1% ದಾಟಿದರೆ ಮೋಟರಿನ ಮೇಲಿನ ಹೊರೆ ಇಳಿಸಿ ಅನ್ನುತ್ತದೆ, 5% ದಾಟಿದರೆ ಓಡಿಸಲೇಬೇಡಿ ಅನ್ನುತ್ತದೆ. ನಮ್ಮ ಹಳ್ಳಿಗಳ ಲೈನಿನಲ್ಲಿ ಈ ನಿಯಮ ಹಿಡಿದು ಕೂತರೆ ಬೆಳೆಗೆ ನೀರು ಹಾಯುವುದಿಲ್ಲ, ನನಗೂ ಗೊತ್ತು. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಓಡಿಸುವ ಪಂಪುಗಳ ಕರೆಂಟು ಕ್ಲಾಂಪ್ ಮೀಟರಿನಲ್ಲಿ ಹಿಡಿದು ನೋಡಿ, ಮೂರು ತಂತಿಯಲ್ಲಿ ಮೂರು ಕಥೆ. ಬಾವಿಯ ಬಾಯಲ್ಲಿ ಪೈಪು ಜುಮುಜುಮು ಅನ್ನುವುದಕ್ಕೆ ಅದೂ ಒಂದು ಕಾರಣ.

ಕೊಳವೆಬಾವಿಯ ಸಬ್‌ಮರ್ಸಿಬಲ್ಲಿಗೆ ಇನ್ನೊಂದು ಕಾಟ ಉಂಟು. ಅದರಲ್ಲಿ ಇರುವುದು ಬುಷ್ ಬೇರಿಂಗು. ಮರಳು ತಿಂದು ಬುಷ್ ಸವೆದಷ್ಟೂ ರೋಟರಿಗೆ ಸರಿಯಲು ಜಾಗ, ಸರಿದಷ್ಟೂ ಎಳೆತ, ಎಳೆದಷ್ಟೂ ಸವೆತ. ಕೊನೆಗೆ ರೋಟರು ಸ್ಟೇಟರಿಗೆ ತಿಕ್ಕುತ್ತದೆ. ಮೇಲೆತ್ತಿ ಬಿಚ್ಚಿದಾಗ ರೋಟರಿನ ಮೈಮೇಲೆ ಕನ್ನಡಿಯಂತೆ ಹೊಳೆಯುವ ಪಟ್ಟೆ ಕಂಡರೆ ಅದರ ಗುರುತು.

ರೀವೈಂಡಿಂಗ್ ಆಗಿ ಬಂದ ಮೇಲೆ ಅದುರು ಶುರುವಾಯಿತು. ವೈಂಡಿಂಗಿಗೂ ಅದುರಿಗೂ ಏನು ಸಂಬಂಧ?

ಸುಟ್ಟ ಕಾಯಿಲನ್ನು ಬಿಚ್ಚಲು ಸ್ಟೇಟರಿಗೆ ನೇರ ಬೆಂಕಿ ಕೊಡುವ ಅಂಗಡಿಗಳಿವೆ. ಅತಿಯಾಗಿ ಕಾದರೆ ಕೋರು ಸೊಟ್ಟಗಾಗಬಹುದು, ತಗಡುಗಳ ನಡುವಿನ ಇನ್ಸುಲೇಶನ್ನೂ ಹೋಗುತ್ತದೆ. ಒಂದು ಕಾಯಿಲಿನಲ್ಲಿ ಸುತ್ತು ಕಡಿಮೆ ಬಿದ್ದರೆ, ಒಂದು ಗುಂಪು ಉಲ್ಟಾ ಜೋಡಿಸಿದರೆ ಕ್ಷೇತ್ರವೇ ಸೊಟ್ಟ.

ಇವೆಲ್ಲ ಬಹುತೇಕರಿಗೆ ಗೊತ್ತಿರುವವು. ಗೊತ್ತಿಲ್ಲದ್ದು ಪ್ಯಾರಲಲ್ ಕನೆಕ್ಷನ್ನಿನ ಸಂಗತಿ. ಮೂಲದಲ್ಲಿ ಕಾಯಿಲು ಗುಂಪುಗಳು ಪ್ಯಾರಲಲ್ ಇದ್ದರೆ, ರೋಟರು ಒಂದು ಕಡೆ ಸರಿದಾಗ ಆ ದಾರಿಗಳ ನಡುವೆ ತಾನಾಗಿ ಒಂದು ಕರೆಂಟು ಹರಿದು ಏರುಪೇರನ್ನು ಎಷ್ಟೋ ಮಟ್ಟಿಗೆ ಸಮ ಮಾಡುತ್ತದೆ. ದಪ್ಪ ತಂತಿ ಸಿಕ್ಕಿತೆಂದು ಸುತ್ತಿನ ಲೆಕ್ಕ ಬದಲಿಸಿ ಎಲ್ಲವನ್ನೂ ಸೀರೀಸ್ ಮಾಡಿದರೆ ಮೋಟರು ಓಡುತ್ತದೆ, ಆಂಪಿಯರೂ ಸರಿ ಬರುತ್ತದೆ, ಆದರೆ ಆ ಕಾವಲು ಹೋಗಿರುತ್ತದೆ.

ರೋಟರನ್ನು ಲೇತಿಗೆ ಹಾಕಿ ಸ್ವಲ್ಪ ತೆಗೆದರೆ ಸರಿಯಾಗುತ್ತದಂತೆ?

ಸಂದಿ ದೊಡ್ಡದಾದರೆ ಏರುಪೇರಿನ ಪಾಲು ಸಣ್ಣದಾಗುತ್ತದೆ, ಅದು ನಿಜ. ಆದರೆ ಅದೇ ಕ್ಷೇತ್ರ ಹುಟ್ಟಿಸಲು ಹೆಚ್ಚು ಕರೆಂಟು ಬೇಕು, ಪವರ್ ಫ್ಯಾಕ್ಟರು ಇಳಿಯುತ್ತದೆ. ಜೊತೆಗೆ ಮೊಂಡು ಟೂಲು ತಗಡುಗಳನ್ನು ಒಂದರ ಮೇಲೊಂದು ಸವರಿ ಬೆಸೆಯುತ್ತದೆ. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ.

ಮನೆಯ ಸೀಲಿಂಗ್ ಫ್ಯಾನು ರೆಗ್ಯುಲೇಟರಿನಲ್ಲಿ ಇಳಿಸಿದಾಗ ಗುಂಯ್ ಅನ್ನುತ್ತದಲ್ಲ?

ಸಿಂಗಲ್ ಫೇಸ್ ಮೋಟರಿನಲ್ಲಿ ಕ್ಷೇತ್ರ ಎಂದೂ ಪೂರ್ತಿ ಗುಂಡಗೆ ಸುತ್ತುವುದಿಲ್ಲ, 100 ಹರ್ಟ್ಸಿನ ಮಿಡಿತ ಇದ್ದೇ ಇರುತ್ತದೆ. ಟ್ರಯಾಕ್ ರೆಗ್ಯುಲೇಟರು ಕರೆಂಟಿನ ಅಲೆಯನ್ನು ಅರ್ಧಕ್ಕೆ ಕತ್ತರಿಸಿ ಕಳಿಸುತ್ತದೆ, ಮಿಡಿತ ಕರ್ಕಶವಾಗುತ್ತದೆ. ಕೆಪ್ಯಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರು ಹಾಕಿ, ಬಹುಪಾಲು ನಿಲ್ಲುತ್ತದೆ.

ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ), ಎಲೆಕ್ಟ್ರಿಕ್ ಸ್ಕೂಟರಿನ ಮೋಟರುಗಳಿಗೂ ಸ್ವಿಚ್ ತೆಗೆಯುವ ಪರೀಕ್ಷೆ ನಡೆಯುತ್ತದೆಯೇ?

ಪೂರ್ತಿ ನಡೆಯುವುದಿಲ್ಲ. ಅವುಗಳಲ್ಲಿ ಇರುವುದು ಕಾಯಂ ಆಯಸ್ಕಾಂತ. ಕರೆಂಟು ತೆಗೆದರೂ ಎಳೆತ ಅಲ್ಲೇ ಇರುತ್ತದೆ. ಕೈಯಲ್ಲಿ ತಿರುಗಿಸಿದಾಗ ಟಕ್ ಟಕ್ ಅಂತ ಸಿಕ್ಕಿ ಸಿಕ್ಕಿ ಹೋಗುವುದು ಅದಕ್ಕೇ. ಕೆಲವು ವಿನ್ಯಾಸಗಳಲ್ಲಿ ಏರುಪೇರು ಹುಟ್ಟಿನಿಂದಲೇ ಬಂದಿರುತ್ತದೆ. 9 ಸ್ಲಾಟು (ಕಾಯಿಲು ಕೂರುವ ಗಾಡಿ) 8 ಪೋಲಿನ ಮೋಟರಿನಲ್ಲಿ ರೋಟರು ಕರಾರುವಾಕ್ಕಾಗಿ ನಡುವೆ ಕೂತಿದ್ದರೂ ಒಂದು ಫೇಸಿನ ಕಾಯಿಲುಗಳೆಲ್ಲ ಒಂದೇ ಮಗ್ಗುಲಿಗೆ ಗುಂಪಾಗಿ ಬರುತ್ತವೆ, ಎಳೆತ ಆ ಕಡೆಗೆ. 12 ಸ್ಲಾಟು 10 ಪೋಲಿನಲ್ಲಿ ಎದುರುಬದುರು ಹಂಚಿಹೋಗಿ ಒಂದನ್ನೊಂದು ಕಳೆದುಕೊಳ್ಳುತ್ತವೆ.

ಶರಾವತಿಯಂಥ ದೊಡ್ಡ ಜನರೇಟರುಗಳಲ್ಲೂ ಈ ಕಾಟ ಇದೆಯೇ?

ಇದೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ 10 ಘಟಕಗಳಿವೆ. ಈ ಗಾತ್ರದ ಜಲವಿದ್ಯುತ್ ಯಂತ್ರಗಳಲ್ಲಿ ಸಂದಿಯನ್ನು ಅಳೆಯುವುದು ಸೆಂಟಿಮೀಟರಿನ ಲೆಕ್ಕದಲ್ಲಿ, ಎಳೆತದ ಏರುಪೇರು ಟನ್ನುಗಳಲ್ಲಿ. ರೋಟರಿನ ಒಂದೇ ಒಂದು ಪೋಲಿನ ಕಾಯಿಲಿನಲ್ಲಿ ಕೆಲವು ಸುತ್ತು ಶಾರ್ಟ್ ಆದರೂ ಆ ಪೋಲು ಬಡವಾಗಿ, ಎದುರಿನ ಪೋಲಿನ ಕೈ ಮೇಲಾಗಿ, ಇಡೀ ಶಾಫ್ಟು ಸುತ್ತಿಗೊಂದು ಸಲ ಓಲಾಡುತ್ತದೆ. ಸ್ಟೇಟರಿನ ಒಳಮೈಗೆ ಸೆನ್ಸರು ಅಂಟಿಸಿ ಓಡುತ್ತಿರುವಾಗಲೇ ಸಂದಿ ಅಳೆಯುವ ಏರ್ಪಾಡು ಇಂಥ ಯಂತ್ರಗಳಿಗೆ ಇರುತ್ತದೆ.

ಎಷ್ಟು ಅದುರಿದರೆ ನಿಲ್ಲಿಸಬೇಕು?

15ರಿಂದ 300 ಕಿಲೋವಾಟಿನ, ಗಟ್ಟಿ ಫೌಂಡೇಶನ್ನಿನ ಮೋಟರಿಗೆ ಐಎಸ್‌ಒ 10816-3 ಅನ್ನುವ ಅಂತರರಾಷ್ಟ್ರೀಯ ಮಾನದಂಡ (2022ರಲ್ಲಿ ಇದರ ಜಾಗಕ್ಕೆ ಐಎಸ್‌ಒ 20816-3 ಬಂತು) ಹೇಳುತ್ತಿದ್ದುದು ಹೀಗೆ: ಕಂಪನದ ವೇಗ ಸೆಕೆಂಡಿಗೆ 1.4 ಮಿಮೀ ಒಳಗೆ ಹೊಸದರ ಹಾಗೆ, 2.8ರವರೆಗೆ ಚಿಂತೆಯಿಲ್ಲ, 4.5 ದಾಟಿದರೆ ಅಪಾಯ. ಈ ಒಂದು ಅಂಕಿ ಜ್ವರ ಎಷ್ಟೆಂದು ಹೇಳುತ್ತದೆ, ಕಾಯಿಲೆ ಯಾವುದೆಂದು ಹೇಳುವುದಿಲ್ಲ.

ಮೋಟರು ಬಿಚ್ಚಲು ಕೊಡುವ ಮುಂಚೆ ನಾನು ಮಾಡಬೇಕಾದ್ದು ಏನಾದರೂ ಇದೆಯೇ?

ಇದೆ. ಒಂದು ಸೆಂಟರ್ ಪಂಚು, ಒಂದು ಸುತ್ತಿಗೆ ತೆಗೆದುಕೊಳ್ಳಿ. ಡ್ರೈವ್ ಕಡೆಯ ಎಂಡ್ ಕವರು ಮತ್ತು ಬಾಡಿ ಸೇರುವ ಜಾಗದಲ್ಲಿ ಎರಡಕ್ಕೂ ಎದುರುಬದುರು ಒಂದೊಂದು ಚುಕ್ಕೆ ಹೊಡೆಯಿರಿ. ಫ್ಯಾನಿನ ಕಡೆ ಎರಡೆರಡು ಚುಕ್ಕೆ. ನಾಲ್ಕು ಬೋಲ್ಟಿನ ಎಂಡ್ ಕವರು ನಾಲ್ಕು ಥರದಲ್ಲಿ ಕೂರುತ್ತದೆ, ನಾಲ್ಕರಲ್ಲೂ ಮೋಟರು ಓಡುತ್ತದೆ. ಆದರೆ ಓಡಿ ಓಡಿ ಒಂದಕ್ಕೊಂದು ಹೊಂದಿಕೊಂಡಿರುವುದು ಒಂದೇ ಥರದಲ್ಲಿ. ಚುಕ್ಕೆ ಹೊಡೆದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಯಾಕೆಂದರೆ ಅಂಗಡಿಯಿಂದ ಬರುವಾಗ ಹೊಸ ಬಣ್ಣ ಬಳಿದುಕೊಂಡು ಬರುತ್ತದೆ, ಚುಕ್ಕೆ ಅದರಡಿಯಲ್ಲಿ ಮುಚ್ಚಿಹೋಗಿರುತ್ತದೆ.